ಅಂಟಿಸಿದ ಕತ್ತಲು

"ಮೇಡಂ, ನೀವು ಇದನ್ನ ನೋಡ್ಲೇಬೇಕು," ಎಂದಳು ಕೃಪಾ. ಅತ್ತು ಅತ್ತು ಅವಳ ದನಿ ಒಡೆದಿತ್ತು.

ಇನ್ಸ್‌ಪೆಕ್ಟರ್ ಮಂಜುಶ್ರೀ ಕಿಟಕಿಯಿಂದ ಈಚೆ ತಿರುಗಿದಳು. ಕೆಳಗೆ ಪಕ್ಕದ ಗುಜರಿ ಅಂಗಳದಲ್ಲಿ ಪೊಲೀಸರು ಕಟ್ಟಿದ್ದ ಹಳದಿ ಟೇಪು ಗಾಳಿಗೆ ಪಟಪಟ ಅನ್ನುತ್ತಿತ್ತು. ಎದುರಿನ ಕಾರ್ಖಾನೆಯ ಪ್ರೆಸ್ ಯಂತ್ರ ಧಡ್ ಧಡ್ ಎಂದು ತಗಡು ಬಡಿಯುತ್ತಲೇ ಇತ್ತು. ಒಬ್ಬ ಸತ್ತನೆಂದು ಪೀಣ್ಯದಲ್ಲಿ ಯಾವ ಯಂತ್ರವೂ ನಿಲ್ಲುವುದಿಲ್ಲ.

ಬೆಳಿಗ್ಗೆ ಗುಜರಿಯವನು ಗೇಟು ತೆಗೆದಾಗ ಕಬ್ಬಿಣದ ರಾಶಿಯ ಮೇಲೆ ಹೆಣ ಬಿದ್ದಿತ್ತು. ಈ ವರ್ಕ್‌ಶಾಪ್ ಕಟ್ಟಡದ ತಾರಸಿಯಿಂದಲೇ ತಲೆಕೆಳಗಾಗಿ ಬಿದ್ದದ್ದು. ಮುಖ ನೋಡುವಂತಿರಲಿಲ್ಲ. ನೀಲಿ ಜಾಕೆಟ್ಟನ್ನೂ ಕೊರಳಲ್ಲಿದ್ದ ಐಡಿ ಕಾರ್ಡನ್ನೂ ನೋಡಿ "ದೀಪೂನೇ ಮೇಡಂ" ಎಂದು ಅಲ್ಲೇ ಕುಸಿದು ಕೂತವಳು ಈ ಕೃಪಾ. ಇಬ್ಬರೂ ಒಂದೇ ಸಂಶೋಧನಾ ಕೇಂದ್ರದಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ಕೆಲಸ ಮಾಡುವವರು. ದೀಪುವಿನ ತಾಯಿ ಪಿಳ್ಳಮ್ಮ ಸಿಂಗಸಂದ್ರದ ಮನೆಗೆ ಬೀಗ ಹಾಕಿ ಮಾಲೂರಿನ ಮಗಳ ಮನೆಗೆ ಹೋಗಿದ್ದರು. ವಿಷಯ ಮುಟ್ಟಿಸಿಯಾಗಿತ್ತು, ಬರುವುದು ಸಂಜೆಯಾಗುತ್ತದೆ ಎಂದಿದ್ದರು.

"ಏನದು?"

"ನಿನ್ನೆ ಸಂಜೆ ದೀಪು ನಂಗೆ ಒಂದು ಮೆಸೇಜ್ ಹಾಕಿದ್ದ. 'ಎಡಗಡೆಯ ಕತ್ತಲನ್ನ ಸರಿಯಾಗಿ ನೋಡು' ಅಂತ. ಅಷ್ಟೇ. ಆಮೇಲೆ ಫೋನ್ ಎತ್ಲಿಲ್ಲ."

ಕೃಪಾ ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದಳು. ಉದ್ದನೆಯ ಕಪ್ಪು ಪಟ್ಟಿ. ಅದರ ಬಲ ಅರ್ಧದಲ್ಲಿ ಮಾತ್ರ ಒಂದು ಸಣ್ಣ ಬಿಳಿ ಗೆರೆ, ಸೀಮೆಸುಣ್ಣದಲ್ಲಿ ಎಳೆದ ಹಾಗೆ. ನಡುವೆ ಎಲ್ಲೋ ಥಟ್ಟನೆ ಕತ್ತರಿಸಿದಂತೆ ಗೆರೆ ನಿಂತುಹೋಗಿತ್ತು. ಎಡಕ್ಕೆ ಬರೀ ಕಪ್ಪು.

"ನಂಗೆ ಅರ್ಥ ಆಗೋ ಹಾಗೆ ಹೇಳಮ್ಮ. ನಾನು ಸೈನ್ಸ್ ಬಿಟ್ಟು ಬಹಳ ವರ್ಷ ಆಯ್ತು."

"ಇದು ಒಂದು ಗೆಲಾಕ್ಸಿಯ ಬೆಳಕು ಮೇಡಂ. ನಕ್ಷತ್ರಗಳ ದೊಡ್ಡ ಗುಂಪು. ಚಿಲಿ ದೇಶದ ಬೆಟ್ಟದ ಮೇಲೆ ಒಂದು ದೊಡ್ಡ ಟೆಲಿಸ್ಕೋಪ್ ಇದೆ. ಅಲ್ಲಿಗೆ ಬಂದ ಬೆಳಕನ್ನ ಬಣ್ಣ ಬಣ್ಣವಾಗಿ ಬಿಡಿಸಿದ್ರೆ ಹೀಗೆ ಪಟ್ಟಿ ಸಿಗುತ್ತೆ. ಹಾಗೆ ಬಿಡಿಸೋ ಉಪಕರಣದ ಭಾಗಗಳನ್ನೇ ಇಲ್ಲಿ ಮಾಡೋದು. ನಮ್ಮ ತಂಡದ ಮುಖ್ಯಸ್ಥರು ಶ್ರೀಕಾಂತ್ ಸಾರ್ ಪ್ರಕಾರ ಈ ಬೆಳಕು ಹೊರಟು ಸಾವಿರದ ಮುನ್ನೂರು ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ."

"ಅಂದ್ರೆ ಈಗ ನೋಡ್ತಿರೋದು ಆವತ್ತಿನದು."

"ಹೌದು. ವಿಶ್ವ ಇನ್ನೂ ಮಗು ಆಗಿದ್ದಾಗಿನದು." ಆ ಮಾತು ಹೇಳುವಾಗ ಮಾತ್ರ ಅವಳ ಮುಖಕ್ಕೆ ಒಂದು ಕಳೆ ಬಂತು. "ಆಗ ಎಲ್ಲಾ ಕಡೆ ಹೈಡ್ರೋಜನ್ ಅನಿಲ ಮಂಜಿನ ಥರ ತುಂಬಿತ್ತು. ಮೊದಲ ಗೆಲಾಕ್ಸಿಗಳು ಹೊತ್ಕೊಂಡ ಮೇಲೆ, ಅವುಗಳ ಪ್ರಖರ ಬೆಳಕಿಗೆ ಆ ಮಂಜು ನಿಧಾನವಾಗಿ ಕರಗಿತು. ಆದ್ರೆ ಕರಗೋಕೆ ಮುಂಚೆ ಹೊರಟ ಬೆಳಕಿನಲ್ಲಿ ಒಂದು ಪಾಲನ್ನ ಮಂಜು ಪೂರ್ತಿ ನುಂಗಿಬಿಡುತ್ತೆ. ಅದೇ ಈ ಎಡಗಡೆ. ಇಲ್ಲಿ ಕತ್ತಲೇ ಇರ್ಬೇಕು."

"ಇಲ್ಲದಿದ್ರೆ?"

"ಇಲ್ಲಿ ಒಂದು ಚೂರು ಬೆಳಕು ಕಂಡ್ರೂ ಸಾಕು, ಅದು ಆ ಕಾಲದ್ದಲ್ಲ. ಎಲ್ಲೋ ಹತ್ತಿರದ ಮಾಮೂಲಿ ಗೆಲಾಕ್ಸಿ. ಧೂಳು ಮುಚ್ಚಿಕೊಂಡು ಹಳೇದರ ವೇಷ ಹಾಕಿರುತ್ತೆ, ಅಷ್ಟೇ."

ಮಂಜುಶ್ರೀ ಕುರ್ಚಿ ಎಳೆದುಕೊಂಡಳು. ಕೂರಲಾಗದೆ ಮತ್ತೆ ಎದ್ದಳು. ಬೆಳಿಗ್ಗೆಯಿಂದಲೂ ಹೀಗೇ. ಯಾವುದೋ ಒಂದು ಕಡೆ ಏನೋ ತಪ್ಪಿದೆ ಅನಿಸುತ್ತಿತ್ತು, ಎಲ್ಲಿ ಅಂತ ಕೈಗೆ ಸಿಗುತ್ತಿರಲಿಲ್ಲ.

"ದೊಡ್ಡದು ಮಾಡು."

ಕೃಪಾ ಚಿತ್ರವನ್ನು ಹಿಗ್ಗಿಸಿದಳು. ದೂರದಿಂದ ನುಣ್ಣಗೆ ಕಂಡ ಕಪ್ಪು ಈಗ ಕಾಳು ಕಾಳಾಗಿ ಒಡೆಯಿತು. ರಾಗಿ ಚೆಲ್ಲಿದ ಹಾಗೆ ಬೂದು ಚುಕ್ಕಿಗಳು.

"ಇವೇನು?"

"ಸೆನ್ಸರ್‌ನ ಗದ್ದಲ ಮೇಡಂ. ಬೆಳಕಿಲ್ಲದಿದ್ರೂ ಅದು ಏನೋ ಒಂದು ಬರ್ಕೊಳ್ತಾನೇ ಇರುತ್ತೆ. ಆ ಓರೆ ಗೀರು ಇದೆಯಲ್ಲ, ಅದು ಬಾಹ್ಯಾಕಾಶದಿಂದ ಬಂದ ಒಂದು ಕಣ ಬಡಿದು ಆದದ್ದು. ನಮಗೆ ಇವೆಲ್ಲಾ ಕಸ."

ಮಂಜುಶ್ರೀಗೆ ಅದು ಕಸವಾಗಿ ಕಾಣಲಿಲ್ಲ. ಪೀಣ್ಯಕ್ಕೆ ವರ್ಗವಾಗುವ ಮುನ್ನ ಅವಳು ಬೆರಳಚ್ಚು ವಿಭಾಗದಲ್ಲಿದ್ದವಳು. ಗೆರೆಗಳ ಕಾಡಿನಲ್ಲಿ ಒಂದು ಕವಲು, ಒಂದು ತುಂಡು, ಒಂದು ಚುಕ್ಕಿ ಹುಡುಕುತ್ತ ಹಗಲುಗಳನ್ನು ಕಳೆದವಳು. ಕಣ್ಣಿಗೆ ಆ ಚಟ ಇನ್ನೂ ಬಿಟ್ಟಿರಲಿಲ್ಲ.

ಓರೆ ಗೀರು. ಅದರ ತುದಿಗೆ ಕೊಂಡಿಯಂಥ ಬಾಗು. ಪಕ್ಕದಲ್ಲಿ ಮೂರು ಚುಕ್ಕಿಗಳ ಮುಕ್ಕೋಣ.

"ಸ್ವಲ್ಪ ಮೇಲೆ ಹೋಗು. ಇನ್ನೂ ಮೇಲೆ. ನಿಲ್ಲಿಸು!"

ಗೆಲಾಕ್ಸಿಗೆ ಸಂಬಂಧವೇ ಇಲ್ಲದ ಖಾಲಿ ಆಕಾಶದ ತುಂಡು ಅದು. ಅಲ್ಲೂ ಒಂದು ಓರೆ ಗೀರು. ತುದಿಗೆ ಅದೇ ಬಾಗು. ಪಕ್ಕದಲ್ಲಿ ಅದೇ ಮೂರು ಚುಕ್ಕಿ.

ಕೃಪಾ ಎರಡೂ ತುಂಡುಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು. ಮಂಜುಶ್ರೀ ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡಳು.

"ಒಂದು ಕಣ ಎರಡು ಕಡೆ ಬಡಿಯುತ್ತಾ?"

"ಇಲ್ಲ ಮೇಡಂ," ಕೃಪಾ ಪಿಸುಗುಟ್ಟಿದಳು. "ಸಾಧ್ಯಾನೇ ಇಲ್ಲ. ಇದನ್ನ... ಯಾರೋ ಮೇಲಿಂದ ಕತ್ತರಿಸಿ ತಂದು ಇಲ್ಲಿ ಅಂಟಿಸಿದ್ದಾರೆ."

"ಯಾಕೆ?"

"ಕೆಳಗೆ ಬೆಳಕಿತ್ತು ಅನ್ಸುತ್ತೆ. ಅದನ್ನ ಮುಚ್ಚೋಕೆ."

ಬಾಗಿಲ ಬಳಿ ಯಾರೋ ಕೆಮ್ಮಿದರು. ವರ್ಕ್‌ಶಾಪಿನ ಮಾಲೀಕ ನಂದೀಶ್. ನಲವತ್ತರ ಆಸುಪಾಸಿನ, ಮೈಕೈ ತುಂಬಿಕೊಂಡ ಮನುಷ್ಯ. ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಒಂದೇ ಬೆರಳನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಮೇಡಂ, ಟೀ ತರಿಸ್ಲಾ?"

"ಟೀ ಬೇಡ. ತಾರಸಿ ಬಾಗಿಲಿನ ಕೀ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು. ಡಾಕ್ಟರ್ ಶ್ರೀಕಾಂತ್ ಹತ್ರ ಒಂದು."

"ನಿನ್ನೆ ಸಂಜೆ ಮೇಲೆ ಜೋರು ಜಗಳ ಆಗ್ತಿತ್ತು ಅಂತ ವಾಚ್‌ಮನ್ ಹೇಳಿದ. ನೀವು ನನಗೆ ಹೇಳಲೇ ಇಲ್ಲ."

ಒರೆಸುವ ಕೈ ನಿಂತಿತು. "ಕೂಗಾಡಿದ್ದು ನಾನಲ್ಲ ಮೇಡಂ, ದೇವರಾಣೆ. ಡಾಕ್ಟರ್ ಬಂದಿದ್ರು. ನಂಗೆ ಕೆಲಸ ಕೊಡೋರು ಅವ್ರು. ನಾನು ಹೆಂಗೆ ಬಾಯಿ ಬಿಡ್ಲಿ ಹೇಳಿ?"

"ಜಗಳ ಆದ್ಮೇಲೆ ಯಾರು ಕೆಳಗೆ ಇಳಿದ್ರು?"

"ನಾನು ಮನೆಗೆ ಹೊರಟ್ಬಿಟ್ಟೆ ಮೇಡಂ." ಅವನು ಕಣ್ಣು ತಪ್ಪಿಸಿದ. ಹೇಳಿದ್ದಕ್ಕಿಂತ ನುಂಗಿದ್ದೇ ಹೆಚ್ಚು ಎಂದು ಮಂಜುಶ್ರೀಗೆ ಗೊತ್ತಾಯಿತು. ಆದರೆ ಇವನನ್ನು ಬಿಡಿಸುತ್ತ ಕೂರಲು ಸಮಯವಿರಲಿಲ್ಲ. ವೈಟ್‌ಫೀಲ್ಡಿನ ಸಂಶೋಧನಾ ಕೇಂದ್ರದಲ್ಲಿ ಇದೇ ಮಧ್ಯಾಹ್ನ ಪತ್ರಿಕಾಗೋಷ್ಠಿ. ಇದೇ ಗೆಲಾಕ್ಸಿಯನ್ನು ಶ್ರೀಕಾಂತ್ ಜಗತ್ತಿಗೆ ತೋರಿಸಲಿದ್ದರು.

ಹೆಡ್ ಕಾನ್‌ಸ್ಟೇಬಲ್ ಮಡಿವಾಳಪ್ಪನನ್ನು ಹೆಣವಿದ್ದ ಆಸ್ಪತ್ರೆಗೆ ಕಳಿಸಿ, ಕೃಪಾಳನ್ನು ಜೀಪು ಹತ್ತಿಸಿಕೊಂಡಳು. "ಅವರು ಸೈನ್ಸ್ ಹೇಳಿ ನನ್ನ ದಾರಿ ತಪ್ಪಿಸೋಕೆ ನೋಡಿದ್ರೆ ನೀನು ಪಕ್ಕದಲ್ಲಿರ್ಬೇಕು."

ಹೆಬ್ಬಾಳದವರೆಗೆ ಜೀಪು ಓಡಿತು. ಅಲ್ಲಿಂದ ಮುಂದೆ ತೆವಳಿತು. ಮಾರತ್ತಹಳ್ಳಿ ಸೇತುವೆಯ ಬಳಿ ಪೂರ್ತಿ ನಿಂತೇಹೋಯಿತು. ಸೈರನ್ ಹಾಕಿದರೂ ಸರಿಯಲು ಯಾರಿಗೂ ಜಾಗವಿರಲಿಲ್ಲ. ಮುಂದಿನ ಬಸ್ಸಿನ ಹೊಗೆ, ಪಕ್ಕದ ಬೈಕಿನವನ ಹಾರ್ನು. ಮಂಜುಶ್ರೀ ಬಾಗಿಲಿನ ಹಿಡಿಯನ್ನು ಬಿಗಿ ಮಾಡಿ ಸಡಿಲಿಸಿ ಮಾಡುತ್ತಿದ್ದಳು.

"ದೀಪು ಎಂಥವನು?"

ಕೃಪಾ ಹೊರಗೆ ನೋಡುತ್ತ ಹೇಳಿದಳು. "ಹಟಮಾರಿ. ಅವ್ರಪ್ಪ ಹೋದ್ಮೇಲೆ ಅವ್ರಮ್ಮ ಜಮೀನಿನಲ್ಲಿ ಪಿಜಿ ಕಟ್ಟಿಸಿದ್ರು. 'ಬಾಡಿಗೆ ಬರುತ್ತೆ, ಸುಮ್ನೆ ಮನೇಲಿರು' ಅಂದ್ರೂ ಕೇಳದೆ ಆಕಾಶ ನೋಡ್ತೀನಿ ಅಂತ ಬಂದೋನು. ಸುಳ್ಳು ಕಂಡ್ರೆ ಅವನಿಗೆ ಆಗಲ್ಲ ಮೇಡಂ."

ಅವಳ ತೊಡೆಯ ಮೇಲಿದ್ದ ಫೋನು ಗುರುಗುಟ್ಟಿತು. ಅವಳು ತಟ್ಟನೆ ಅದನ್ನು ಬೋರಲು ಹಾಕಿದಳು.

"ಎತ್ತಮ್ಮ, ಪರವಾಗಿಲ್ಲ."

"ಅಮ್ಮ ಮೇಡಂ. ಜಾಲಹಳ್ಳಿಯಿಂದ. ಬೆಳಿಗ್ಗೆಯಿಂದ ಹತ್ತು ಸಲ ಮಾಡಿದ್ದಾರೆ. ಆಮೇಲೆ ಮಾತಾಡ್ತೀನಿ."

ದಾರಿ ಬಿಟ್ಟಿತು. ಜೀಪು ಮುಂದಕ್ಕೆ ನುಗ್ಗಿತು.

ಸಂಶೋಧನಾ ಕೇಂದ್ರದ ಗಾಜಿನ ಕಟ್ಟಡದ ಕೆಳ ಅಂತಸ್ತಿನಲ್ಲಿ ಆಗಲೇ ಕ್ಯಾಮೆರಾಗಳು ಕಾಲೂರಿದ್ದವು. ಗೋಡೆಯಷ್ಟೆತ್ತರದ ಪರದೆಯ ಮೇಲೆ ಅದೇ ಪಟ್ಟಿ, ಅದೇ ಬಿಳಿ ಗೆರೆ, ಎಡಕ್ಕೆ ಅದೇ ಕತ್ತಲು. ಡಾ. ಶ್ರೀಕಾಂತ್ ಮೇಲಿನ ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ಐವತ್ತು ದಾಟಿದ ತೆಳ್ಳನೆಯ ಆಸಾಮಿ. ಹೊಸ ಕೋಟು ಅವರ ಭುಜಕ್ಕೆ ಸರಿಯಾಗಿ ಕೂತಿರಲಿಲ್ಲ.

"ದೀಪು ವಿಷಯ ಕೇಳಿದೆ. ನಂಬೋಕಾಗ್ತಿಲ್ಲ. ಕೂತ್ಕೊಳ್ಳಿ."

"ಆದ್ರೂ ಕಾರ್ಯಕ್ರಮ ನಿಲ್ಲಿಸಿಲ್ಲ."

"ಅವನ ಹೆಸರಿಗೇ ಅರ್ಪಿಸ್ತಿದ್ದೀನಿ ಇನ್ಸ್‌ಪೆಕ್ಟರ್. ಅವನಿಗೂ ಅದೇ ಇಷ್ಟ ಆಗ್ತಿತ್ತು."

ಮಂಜುಶ್ರೀ ಕೂರಲಿಲ್ಲ. "ನಿನ್ನೆ ಸಂಜೆ ಎಲ್ಲಿದ್ರಿ?"

"ಇಲ್ಲೇ. ಭಾಷಣ ಸಿದ್ಧ ಮಾಡ್ತಿದ್ದೆ."

"ಪೀಣ್ಯಕ್ಕೆ ಹೋಗಿರ್ಲಿಲ್ವಾ?"

"ಇಲ್ಲ."

ಅವಳು ಫೋನು ತೆಗೆದು ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ಎರಡು ಕಪ್ಪು ಚೌಕಗಳು ಅಕ್ಕಪಕ್ಕ.

"ಇದು ನಿಮ್ಮ ಗೆಲಾಕ್ಸಿಯ ಎಡಗಡೆಯ ಕತ್ತಲು. ಇದು ಅದರ ಮೇಲಿನ ಖಾಲಿ ಆಕಾಶ. ಎರಡರಲ್ಲೂ ಒಂದೇ ಗೀರು, ಒಂದೇ ಬಾಗು, ಅವೇ ಮೂರು ಚುಕ್ಕಿ. ಇಬ್ಬರು ಮನುಷ್ಯರ ಬೆರಳಚ್ಚು ಒಂದೇ ಥರ ಇರಲ್ಲ ಸಾರ್. ಆಕಾಶದ ಎರಡು ತುಂಡು ಮಾತ್ರ ಹೇಗೆ ಒಂದೇ ಥರ ಇದಾವೆ?"

ಶ್ರೀಕಾಂತ್ ಕನ್ನಡಕ ಏರಿಸಿ ನೋಡಿದರು. ಮುಖದಲ್ಲಿ ಏನೂ ಕದಲಲಿಲ್ಲ. "ಸೆನ್ಸರ್ ದೋಷ ಇರಬಹುದು. ಇಂಥ ಉಪಕರಣಗಳಲ್ಲಿ ಇದು ಸಾಮಾನ್ಯ."

ಬಾಗಿಲ ಬಳಿ ನಿಂತಿದ್ದ ಕೃಪಾ ಮೊದಲ ಸಲ ಬಾಯಿ ತೆರೆದಳು. "ಸೆನ್ಸರ್ ದೋಷ ಆಗಿದ್ರೆ ಆವತ್ತು ತೆಗೆದ ಎಲ್ಲಾ ಚಿತ್ರದಲ್ಲೂ ಇರ್ಬೇಕಿತ್ತು ಸಾರ್. ಇದೊಂದರಲ್ಲೇ ಇದೆ."

"ಕೃಪಾ, ನೀನು ಸುಮ್ನಿರು."

"ಅವಳು ಸುಮ್ನಿರ್ತಾಳೆ. ನೀವು ಮಾತಾಡಿ," ಎಂದಳು ಮಂಜುಶ್ರೀ. "ನಂದೀಶ್ ಎಲ್ಲಾ ಹೇಳಿದ್ದಾರೆ. ನಿನ್ನೆ ಸಂಜೆ ತಾರಸಿ ಮೇಲೆ ನೀವಿದ್ರಿ."

ಕೆಳಗಿನಿಂದ ಮೈಕು ಪರೀಕ್ಷಿಸುವ ಸದ್ದು ಬಂತು. ಹಲೋ, ಹಲೋ. ಶ್ರೀಕಾಂತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಮುಖ ಇದ್ದಕ್ಕಿದ್ದಂತೆ ಮುದುಕರದ್ದಾಯಿತು.

"ನನ್ನ ಮೇಷ್ಟ್ರು ಸಾಯೋವರೆಗೂ ಅಂಥ ಒಂದು ಗೆಲಾಕ್ಸಿ ಹುಡುಕಿದ್ರು," ಎಂದರು. "ಅವರಾದ್ಮೇಲೆ ನಾನು. ಮಂಜು ಹೇಗೆ ಕರಗಿತು, ಮೊದಲು ಎಲ್ಲಿ ಬೆಳಕಾಯ್ತು ಅಂತ ತಿಳ್ಕೊಳ್ಳೋಕೆ ಅದೊಂದೇ ದಾರಿ. ಅಂಥ ಒಂದು ಬೆಳಕು ಸಿಕ್ಕಿದ್ರೆ ಸಾಕು ಅಂತ ಬದುಕಿದೋನು ನಾನು. ಇದು ಸಿಕ್ತು. ಬಲಗಡೆ ಎಲ್ಲಾ ಸರಿಯಾಗಿತ್ತು. ಎಡಗಡೆ..."

"ಬೆಳಕಿತ್ತು."

"ತುಂಬಾ ಮಂಕು. ಪಕ್ಕದ ಯಾವುದೋ ಗೆಲಾಕ್ಸಿಯಿಂದ ಸೋರಿದೆ ಅಂತ ನನಗೆ ನಾನೇ ಹೇಳ್ಕೊಂಡೆ. ದಿನಾ ಹೇಳ್ಕೊಂಡೆ. ಒರೆಸಿದ್ರೆ ಕಲೆ ಕಾಣುತ್ತೆ ಅಂತ ಮೇಲಿಂದ ಕತ್ತಲು ತಂದು ಅಂಟಿಸಿದೆ. ಅಂಟಿಸೋವಾಗ ಆ ಗೀರು ಕಾಣಲೇ ಇಲ್ಲ. ಇಷ್ಟು ವರ್ಷ ಬೆಳಕನ್ನೇ ನೋಡಿದ ಕಣ್ಣು. ಕತ್ತಲನ್ನ ಯಾವತ್ತು ನೋಡಿದ್ದೆ?"

"ದೀಪು ನೋಡಿದ."

"ನೋಡಿದ."

"ಅದಕ್ಕೆ ತಳ್ಳಿದ್ರಿ."

"ಇಲ್ಲ!" ಅವರು ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಉರುಳಿತು. "ಕೂಗಾಡಿದ್ದು ನಿಜ. ಕಾಲರ್ ಹಿಡಿದದ್ದೂ ನಿಜ. ಅವನು ಬಿಡಿಸ್ಕೊಳ್ಳಲೂ ಇಲ್ಲ. 'ಸಾರ್, ನಾನು ಹೇಳಿದ್ರೆ ನಿಮ್ಮ ಮರ್ಯಾದೆ ಹೋಗುತ್ತೆ, ನೀವೇ ಹೇಳಿದ್ರೆ ಉಳಿಯುತ್ತೆ, ನಾಳೆ ನೀವೇ ಹೇಳಿಬಿಡಿ' ಅಂದ. ಕಾಲರ್ ಬಿಟ್ಟು ಇಳಿದು ಬಂದೆ. ಕಾರು ತೆಗೆಯೋವಾಗ ತಲೆ ಎತ್ತಿ ನೋಡಿದೆ. ತಾರಸಿ ಕಟ್ಟೆಯ ಹತ್ರ ನಿಂತಿದ್ದ. ಒಬ್ಬನೇ ಅಲ್ಲ."

ಮಂಜುಶ್ರೀಯ ಕೈ ಫೋನಿನ ಮೇಲೆಯೇ ನಿಂತಿತು. "ಇನ್ಯಾರಿದ್ರು?"

"ಗೊತ್ತಿಲ್ಲ. ಹೊತ್ತು ಮುಳುಗ್ತಿತ್ತು, ಮುಖ ಕಾಣಲಿಲ್ಲ. ದೀಪುವಿನಷ್ಟೇ ಎತ್ತರ, ಹೆಚ್ಚುಕಡಿಮೆ ಅವನದೇ ಮೈಕಟ್ಟು. ಇಬ್ಬರೂ ಏನೋ ಮಾತಾಡ್ತಿದ್ರು. ನಾನು ಹೊರಟುಬಿಟ್ಟೆ."

ಸುಳ್ಳೋ ನಿಜವೋ. ಸಿಕ್ಕಿಬಿದ್ದವರೆಲ್ಲ ಒಬ್ಬ ಮೂರನೆಯವನನ್ನು ಕಂಡಿರುತ್ತಾರೆ. ಅದು ಅವಳಿಗೆ ಹೊಸದಲ್ಲ. ಆದರೆ ಈ ಮನುಷ್ಯ ಸುಳ್ಳು ಹೇಳುವಾಗ ಮುಖ ಕಲ್ಲಾಗಿತ್ತು. ಈಗ ಗದ್ದ ನಡುಗುತ್ತಿತ್ತು.

ಬಾಗಿಲು ತಟ್ಟಿದ ಸಹಾಯಕಿ ಒಳಗೆ ಇಣುಕಿದಳು. "ಸಾರ್, ಎಲ್ರೂ ಬಂದಿದ್ದಾರೆ."

ಶ್ರೀಕಾಂತ್ ಮಂಜುಶ್ರೀಯತ್ತ ನೋಡಿದರು. "ನನ್ನನ್ನ ಕರ್ಕೊಂಡು ಹೋಗಿ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಕೆಳಗೆ ಹೋಗಿ ಒಂದು ಮಾತು ಹೇಳೋಕೆ ಬಿಡ್ತೀರಾ? ಆ ಹುಡುಗ ಕೇಳಿದ್ದು ಅದೊಂದೇ."

ಆರೋಪಿಯನ್ನು ಕ್ಯಾಮೆರಾಗಳ ಮುಂದೆ ಬಿಡುವುದು ಯಾವ ಅಧಿಕಾರಿಗೂ ಒಪ್ಪುವ ಕೆಲಸವಲ್ಲ. ಮೇಲಿನವರು ನಾಳೆ ಕರೆಸಿ ಕೇಳುತ್ತಾರೆ. ಮಂಜುಶ್ರೀ ಕ್ಷಣ ಯೋಚಿಸಿ, "ನಡೀರಿ, ನಾನು ಪಕ್ಕದಲ್ಲೇ ಇರ್ತೀನಿ," ಎಂದಳು.

ಅವರು ವೇದಿಕೆ ಹತ್ತಿದಾಗ ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಮೈಕಿನ ಕಂಬ ಹಿಡಿದು ನಿಂತರು. ಬರೆದು ತಂದಿದ್ದ ಭಾಷಣ ಕೋಟಿನ ಜೇಬಿನಲ್ಲೇ ಉಳಿಯಿತು.

"ನಿಮ್ಮನ್ನೆಲ್ಲ ಕರೆಸಿದ್ದು ವಿಶ್ವದ ಬಾಲ್ಯದ ಬೆಳಕು ತೋರಿಸ್ತೀನಿ ಅಂತ," ಎಂದರು. "ಇದು ಅದಲ್ಲ. ಇದು ಹತ್ತಿರದ, ಸಾಧಾರಣ ಗೆಲಾಕ್ಸಿ. ಎಡಗಡೆ ಕಾಣ್ತಿರೋ ಕತ್ತಲು ಆಕಾಶದ್ದಲ್ಲ, ನಾನು ಅಂಟಿಸಿದ್ದು. ಇದನ್ನ ಕಂಡುಹಿಡಿದದ್ದು ನಮ್ಮ ದೀಪು. ಅವನು ಇವತ್ತು..." ಅವರು ಮೈಕಿನಿಂದ ಹಿಂದೆ ಸರಿದರು.

ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಎದ್ದರು. ಪ್ರಶ್ನೆಗಳು, ಕುರ್ಚಿಗಳ ಕರಕರ, ಮಿಂಚುವ ಕ್ಯಾಮೆರಾಗಳು. ಇಬ್ಬರು ಪೇದೆಗಳು ಶ್ರೀಕಾಂತರನ್ನು ನಡುವೆ ಹಾಕಿಕೊಂಡು ಪಕ್ಕದ ಬಾಗಿಲಿನತ್ತ ಸರಿದರು.

ಮಂಜುಶ್ರೀ ಗೋಡೆಗೆ ಒರಗಿ ನಿಂತಳು. ಕಾರಣ ಸಿಕ್ಕಿತ್ತು, ಜಗಳ ಸಿಕ್ಕಿತ್ತು, ಅರ್ಧ ತಪ್ಪೊಪ್ಪಿಗೆಯೂ ಸಿಕ್ಕಿತ್ತು. ಇನ್ನಾದರೂ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅವನಷ್ಟೇ ಎತ್ತರ, ಅವನದೇ ಮೈಕಟ್ಟು. ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು.

ಫೋನು ಅದುರಿತು. ಮಡಿವಾಳಪ್ಪ.

"ಮೇಡಂ, ಪಿಳ್ಳಮ್ಮನೋರು ಬಂದವ್ರೆ. ಅಳಿಯ ಕಾರಲ್ಲಿ ಕರ್ಕೊಂಡ್ ಬಂದವ್ರೆ."

"ನೋಡಿದ್ರಾ?"

"ನೋಡಿದ್ರು." ಅವನು ದನಿ ತಗ್ಗಿಸಿದ. "ಮಖ ತೋರಿಸೋದು ಬ್ಯಾಡ ಅಂತ ನಾವು ಕಾಲ ಕಡೆ ಬಟ್ಟೆ ಸರಿಸಿದ್ವಿ. ಬಲಗಾಲು ಇಡ್ಕೊಂಡು ಸುಮ್ಕೆ ನೋಡ್ತಾ ಕುಂತವ್ರೆ. ಅವ್ರ ಮಗ ಚಿಕ್ಕೋನಿದ್ದಾಗ ಎಬ್ಬೆಟ್ಟಿನ ಮ್ಯಾಲೆ ಗುದ್ದಲಿ ಬಿದ್ದು ಉಗುರು ಓಗಿತ್ತಂತೆ. ಮತ್ತೆ ಬೆಳೀಲೇ ಇಲ್ವಂತೆ. ಈ ಎಣಕ್ಕೆ ಎಲ್ಲಾ ಉಗುರೂ ಐತೆ ಮೇಡಂ."

"ಏನಂದ್ರಿ?"

ಅತ್ತಲಿಂದ ಫೋನು ಕಸಿದುಕೊಂಡ ಸದ್ದು. ಒಣಗಿದ ಹೆಣ್ಣುದನಿ ಒಂದು ಕಿವಿಗೆ ಬಿತ್ತು.

"ಅವ್ವಾ, ಇವ್ನು ನನ್ ಮಗ ಅಲ್ಲ ಕಣವ್ವ. ಯಾವ ತಾಯಿ ಎತ್ತ ಮಗನೋ ಪಾಪ, ಇಂಗೆ ಮಲಗವ್ನೆ. ಜಾಕೀಟು ನನ್ ದೀಪುಂದೇ. ಒಳಗಿರೋನು ಅಲ್ಲ. ನನ್ ದೀಪು ಎಲ್ಲವ್ನೆ ಏಳವ್ವ?"

ಮಂಜುಶ್ರೀ, "ಹುಡುಕ್ತೀನಮ್ಮ" ಎಂದಷ್ಟೇ ಹೇಳಿ ಫೋನು ಇಳಿಸಿದಳು.

ಗದ್ದಲದ ನಡುವೆ ಕೃಪಾ ಅವಳ ಪಕ್ಕದಲ್ಲೇ ನಿಂತಿದ್ದಳು. ಕಣ್ಣು ವೇದಿಕೆಯ ಮೇಲಿತ್ತು. ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ಅವಳ ಭುಜಗಳು ಈಗ ಸಡಿಲಾಗಿದ್ದವು, ದೊಡ್ಡದೊಂದು ಕೆಲಸ ಮುಗಿಸಿದವಳ ಹಾಗೆ.

"ಕೃಪಾ," ಮಂಜುಶ್ರೀ ಮೆಲ್ಲಗೆ ಹೇಳಿದಳು. "ಪಿಳ್ಳಮ್ಮ ಹೆಣ ನೋಡಿದ್ರಂತೆ. ಅದು ದೀಪು ಅಲ್ಲ."

ಕೃಪಾ ಬೆಚ್ಚಿ ತಿರುಗಿದಳು. ಅಳು ಬರಲಿಲ್ಲ, ಸಂತೋಷವೂ ಕಾಣಲಿಲ್ಲ. ಹಾಗಾದರೆ ಯಾರು ಎಂದಾಗಲಿ, ದೀಪು ಎಲ್ಲಿ ಎಂದಾಗಲಿ ಅವಳು ಕೇಳಲಿಲ್ಲ.

"ಅವ್ರಮ್ಮ ಬರೋದು ಸಂಜೆ ಆಗುತ್ತೆ ಅಂದಿದ್ರಲ್ಲ ಮೇಡಂ," ಎಂದಳು. ಅವಳ ತುಟಿಯ ಬಣ್ಣ ಇಳಿದುಹೋಗಿತ್ತು. "ಇಷ್ಟು ಬೇಗ ಬಂದ್ಬಿಟ್ರಾ?"